ಅಂಜುದೀವ: ಹಡಗುಗಳು ನೀರಿಗಾಗಿ ನಿಂತ ದ್ವೀಪ, ಜನ ಉಳಿಯದ ಊರು

ಕಾರವಾರದಿಂದ ಅಂಕೋಲಾ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಮೊದಲು ಸಿಗುವುದು ಬಿಣಗಾ. ಈ ಬಿಣಗಾ ಕಡಲತೀರದ ಎದುರು, ದಡದಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ ಉದ್ದಕ್ಕೆ ಮಲಗಿದ ಗುಡ್ಡದ ಹಾಗೆ ಒಂದು ದ್ವೀಪ ಇದೆ. ಅದರ ಹೆಸರು ಅಂಜುದೀವ. ಉದ್ದ ಸುಮಾರು ಒಂದೂವರೆ ಕಿಲೋಮೀಟರ್, ಅಗಲ ಕಾಲು ಕಿಲೋಮೀಟರಿನ ಆಸುಪಾಸು. ಇವತ್ತು ಅಲ್ಲಿ ಒಂದು ಹಳೆಯ ಕೋಟೆಯ ಗೋಡೆಗಳಿವೆ, ಚರ್ಚುಗಳಿವೆ, ಆದರೆ ಊರು ಅಂತ ಕರೆಯುವಂಥದ್ದು ಇಲ್ಲ.

ಒಂದು ಕಾಲದಲ್ಲಿ ಅರಬ್ಬಿ ಸಮುದ್ರದ ಹಡಗುಗಳಿಗೆ ಈ ಸಣ್ಣ ದ್ವೀಪ ಚೆನ್ನಾಗಿ ಗೊತ್ತಿತ್ತು. ಮೊರೊಕ್ಕೊದ ಇಬ್ನ್ ಬತೂತ ಇಲ್ಲೇ ಲಂಗರು ಹಾಕಿದ್ದ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ವಾಸ್ಕೋ ಡ ಗಾಮ ಇಲ್ಲಿ ತನ್ನ ಹಡಗು ರಿಪೇರಿ ಮಾಡಿಸಿದ್ದ. ಮುಂಬೈಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಇಂಗ್ಲಿಷ್ ಸೈನಿಕರು ಇಲ್ಲಿ ನೂರಾರು ಸಂಖ್ಯೆಯಲ್ಲಿ ಸತ್ತರು. ಇಷ್ಟೆಲ್ಲ ನಡೆದ ಜಾಗದ ಬಗ್ಗೆ ಕರಾವಳಿಯವರಾದ ನಮಗೇ ಗೊತ್ತಿರುವುದು ಕಡಿಮೆ. ಬಂದವರು ಯಾರು, ಯಾಕೆ ನಿಂತರು, ಊರು ಯಾಕೆ ಉಳಿಯಲಿಲ್ಲ ಅನ್ನುವುದನ್ನು ಒಂದೇ ಕಡೆ ಕೊಡುವ ಪ್ರಯತ್ನ ಇದು.

ಹೆಸರು ಮತ್ತು ಗಡಿ

ಅಂಜುದೀವ, ಅಂಜದೀವ, ಅಂಜೆದಿವಾ, ಅಂಜದೀಪ್ ಎಂದು ಹೆಸರನ್ನು ಹಲವು ರೀತಿ ಬರೆಯುತ್ತಾರೆ. ಐದು ದ್ವೀಪ ಎಂಬ ಅರ್ಥದಿಂದ ಈ ಹೆಸರು ಬಂತು ಎನ್ನುವವರಿದ್ದಾರೆ. ಬ್ಯಾರಿ ಮಾತಾಡುವ ನಮಗೆ "ಅಂಜು" ಯಾವ ಸಂಖ್ಯೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಾರವಾರದ ಸುತ್ತಮುತ್ತ ಕೂರ್ಮಗಡ, ದೇವಗಡ ಮುಂತಾದ ಬೇರೆ ದ್ವೀಪಗಳೂ ಇರುವುದರಿಂದ ಈ ಮಾತಿಗೆ ಒಂದು ಆಧಾರ ಇದೆ. ಇಲ್ಲಿದ್ದ ಆರ್ಯಾದುರ್ಗಾ ದೇವಿಯ ಹೆಸರೇ ದ್ವೀಪಕ್ಕೆ ಬಂತು ಎಂಬುದು ಇನ್ನೊಂದು ಅಭಿಪ್ರಾಯ. ಅಂಕೋಲಾದ ಆರ್ಯಾದುರ್ಗಾ ದೇವಸ್ಥಾನದ ದೇವಿ ಮೂಲದಲ್ಲಿ ಈ ದ್ವೀಪದವಳು ಎಂಬ ನಂಬಿಕೆ ಭಕ್ತರಲ್ಲಿ ಈಗಲೂ ಇದೆ.

ದ್ವೀಪ ಇರುವುದು ಕಾರವಾರದ ಎದುರು, ಆದರೆ ದಾಖಲೆಯಲ್ಲಿ ಅದು ಗೋವಾ ರಾಜ್ಯಕ್ಕೆ ಸೇರಿದ್ದು. 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಕಾರಣ ಗೋವಾದ ಜೊತೆಗೇ ಭಾರತಕ್ಕೆ ಬಂತು. ನೋಡುವ ಕಣ್ಣಿಗೆ ಕರ್ನಾಟಕ, ಕಾಗದದಲ್ಲಿ ಗೋವಾ.

ಹಡಗುಗಳು ಇಲ್ಲೇ ಯಾಕೆ ನಿಲ್ಲುತ್ತಿದ್ದವು?

ಹಾಯಿ ಹಡಗಿಗೆ ಗಾಳಿಯೇ ಇಂಜಿನ್. ಅರಬ್ಬಿ ಸಮುದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಬೀಸುತ್ತದೆ. ಅದರ ಜೋರು ಇಳಿಯುವ ಹೊತ್ತಿಗೆ ಅರೇಬಿಯ, ಆಫ್ರಿಕಾ ಕಡೆಯ ಹಡಗುಗಳು ನಮ್ಮ ದಡ ಸೇರುತ್ತಿದ್ದವು. ನವೆಂಬರ್ ನಂತರ ಈಶಾನ್ಯದ ಗಾಳಿ ಹಿಡಿದು ವಾಪಸ್ ಹೊರಡುತ್ತಿದ್ದವು. ನಡುವಿನ ತಿಂಗಳುಗಳಲ್ಲಿ ಮಾಲು ಖರೀದಿ, ಹಡಗಿನ ದುರಸ್ತಿ, ಲೆಕ್ಕಾಚಾರ. ಇವತ್ತಿಗೂ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆ. ಮಂಗಳೂರು ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಇಂಜಿನ್ ಬಂದರೂ ಕಡಲಿನ ಕ್ಯಾಲೆಂಡರ್ ಹಳೆಯದೇ.

ಇಂಥ ಪ್ರಯಾಣದಲ್ಲಿ ಮೊದಲು ಮುಗಿಯುವುದು ಕುಡಿಯುವ ನೀರು, ಆಮೇಲೆ ಸೌದೆ. ಅಂಜುದೀವದಲ್ಲಿ ಎರಡೂ ಇತ್ತು. ಸಿಹಿನೀರಿನ ಕಲ್ಲಿನ ಕೊಳ, ಗುಡ್ಡದ ಮೇಲೆ ಮರಗಳು. ದ್ವೀಪಕ್ಕೂ ದಡಕ್ಕೂ ನಡುವಿನ ನೀರು ಅಲೆಗಳ ಹೊಡೆತ ಇಲ್ಲದೆ ಶಾಂತವಾಗಿರುತ್ತದೆ. ಅಲ್ಲಿ ಲಂಗರು ಹಾಕಿ, ಹಡಗನ್ನು ದಡದಲ್ಲಿ ಒಂದು ಬದಿಗೆ ವಾಲಿಸಿ, ಅಡಿಗೆ ಹಿಡಿದ ಪಾಚಿ, ಚಿಪ್ಪು ಕೆರೆದು, ಹಲಗೆಯ ಸಂದುಗಳನ್ನು ಮತ್ತೆ ಮುಚ್ಚಬಹುದಿತ್ತು.

ಕ್ರಿಸ್ತಶಕ 1ನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ "ಪೆರಿಪ್ಲಸ್" ಎಂಬ ಸಮುದ್ರಯಾನದ ಕೈಪಿಡಿಯಲ್ಲಿ ಈ ಕರಾವಳಿಯ ಒಂದು ದ್ವೀಪಕ್ಕೆ ಐಗಿದಿಯೋಯಿ ಎಂಬ ಹೆಸರಿದೆ. ಅದು ಅಂಜುದೀವವೇ ಎಂದು ಕೆಲವು ವಿದ್ವಾಂಸರು, ಗೋವಾ ಎಂದು ಇನ್ನು ಕೆಲವರು ಹೇಳಿದ್ದಾರೆ. ಏನೇ ಆಗಲಿ, ಕರಿಮೆಣಸು ಹುಡುಕಿ ಈಜಿಪ್ಟಿನಿಂದ ಹೊರಟ ಗ್ರೀಕ್ ನಾವಿಕರು 2000 ವರ್ಷಗಳ ಹಿಂದೆಯೇ ನಮ್ಮ ಕಡಲಲ್ಲಿ ಓಡಾಡುತ್ತಿದ್ದರು ಎಂಬುದರಲ್ಲಿ ಸಂಶಯ ಇಲ್ಲ.

ಇಬ್ನ್ ಬತೂತ ಕಂಡ ಮಾತಾಡದ ಜೋಗಿ

1342ರಲ್ಲಿ ಇಬ್ನ್ ಬತೂತ ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟ. ಗುಜರಾತಿನಿಂದ ಹಡಗು ಹತ್ತಿ ಸಂದಾಪುರ, ಅಂದರೆ ಗೋವಾ ದಾಟಿದ ಮೇಲೆ ದಡಕ್ಕೆ ಹತ್ತಿರದ ಒಂದು ಸಣ್ಣ ದ್ವೀಪದಲ್ಲಿ ಅವರ ಹಡಗು ನಿಂತಿತು. ಅಲ್ಲಿ ಒಂದು ಗುಡಿ, ಒಂದು ತೋಟ, ಒಂದು ನೀರಿನ ಕೊಳ ಇತ್ತು ಎಂದು ಅವನು ಹೇಳುತ್ತಾನೆ. ಮರುದಿನ ಅವರು ಹೊನ್ನಾವರ ಮುಟ್ಟಿದರು. ದಾರಿ ಮತ್ತು ದೂರ ನೋಡಿದರೆ ಅದು ಅಂಜುದೀವವೇ ಇರಬೇಕು ಎಂಬುದು ಹಲವು ವಿದ್ವಾಂಸರ ಲೆಕ್ಕ.

ಗುಡಿಯ ಗೋಡೆಗೆ ಒರಗಿ ಎರಡು ವಿಗ್ರಹಗಳ ನಡುವೆ ಒಬ್ಬ ಜೋಗಿ ಕೂತಿದ್ದ. ಮಾತಾಡಿಸಿದರೆ ಉತ್ತರ ಇಲ್ಲ. ಅವನು ಒಮ್ಮೆ ಕೂಗಿದಾಗ ಮರದಿಂದ ತೆಂಗಿನಕಾಯಿ ಬಿತ್ತು, ಅದನ್ನು ಇವರಿಗೆ ಕೊಟ್ಟ. ಇವರು ಹಣ ಕೊಡಲು ಹೋದರೆ ಬೇಡ ಅಂದ, ಆಹಾರ ಕೊಟ್ಟರೂ ಬೇಡ. ಇಬ್ನ್ ಬತೂತನ ಕೈಯಲ್ಲಿದ್ದ ತಸ್ಬೀಹ್ ಮಣಿಗಳನ್ನು ತೆಗೆದುಕೊಂಡು ಮೂಸಿ, ಮುತ್ತಿಟ್ಟು, ಮೊದಲು ಆಕಾಶದ ಕಡೆಗೆ, ಆಮೇಲೆ ಕಿಬ್ಲಾದ ದಿಕ್ಕಿಗೆ ಕೈ ತೋರಿಸಿದ. ಜೊತೆಗಿದ್ದವರಿಗೆ ಇದು ಅರ್ಥ ಆಗಲಿಲ್ಲ. ಈ ಮನುಷ್ಯ ತನ್ನ ವಿಶ್ವಾಸವನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರುವ ಮುಸ್ಲಿಮ್ ಎಂದು ಇಬ್ನ್ ಬತೂತ ತೀರ್ಮಾನಿಸಿದ.

ಅವನ ತೀರ್ಮಾನ ಸರಿಯೋ ತಪ್ಪೋ, ಅದು ಬೇರೆ ಮಾತು. ಗುಡಿಯಲ್ಲಿ ಕೂತ ಜೋಗಿಯೂ ತಸ್ಬೀಹ್ ಹಿಡಿದ ಪ್ರಯಾಣಿಕನೂ ಒಂದೇ ಕೊಳದ ಪಕ್ಕ, ಭಾಷೆ ಇಲ್ಲದೆಯೇ ಪರಸ್ಪರ ಗೌರವ ತೋರಿಸಿಕೊಂಡ ಜಾಗ ಅದಾಗಿತ್ತು ಎಂಬುದು ಮುಖ್ಯ. ಆ ಕಾಲಕ್ಕೆ ದ್ವೀಪದ ನೀರಿಗೆ ಕಾವಲು ಇಟ್ಟವರ ಸುದ್ದಿ ಅವನ ಬರಹದಲ್ಲಿ ಇಲ್ಲ.

ನೀರಿನ ಜಾಗ ಹೊಂಚಿನ ಜಾಗವಾದದ್ದು

156 ವರ್ಷಗಳ ನಂತರ, 1498ರ ಸೆಪ್ಟೆಂಬರ್‌ನಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಇಲ್ಲಿ ನಿಂತ. ಅವನ ಹಡಗಿನಲ್ಲಿದ್ದವನೊಬ್ಬ ಬರೆದ ದಿನಚರಿಯಲ್ಲೂ ಪಾಳುಬಿದ್ದ ಕಲ್ಲಿನ ಗುಡಿ, ಪಕ್ಕದಲ್ಲಿ ಅದೇ ಕೆಲಸಗಾರಿಕೆಯ ಕಲ್ಲಿನ ಕೊಳ, ಗುಡ್ಡದ ಮೇಲೆ ಇನ್ನೊಂದು ಕೊಳ ಇದ್ದದ್ದು ದಾಖಲಾಗಿದೆ. ಬೇಕಾದಷ್ಟು ನೀರು ತುಂಬಿಸಿಕೊಂಡರು. ಗುಡಿ ಮತ್ತು ಕೊಳದ ವಿಷಯದಲ್ಲಿ ಇಬ್ನ್ ಬತೂತನ ಮಾತೂ ಈ ದಿನಚರಿಯೂ ಹೊಂದುತ್ತವೆ.

ಇಲ್ಲೇ ಗೋವಾದ ಆಡಳಿತಗಾರನ ಸೇವೆಯಲ್ಲಿದ್ದ ಒಬ್ಬ ಯಹೂದಿ ಹಡಗಿನ ಹತ್ತಿರ ಬಂದ. ಅವನನ್ನು ಹಿಡಿದು, ಹೊಡೆದು ಬಾಯಿ ಬಿಡಿಸಿ, ಪೋರ್ಚುಗಲ್‌ಗೆ ಕೊಂಡುಹೋದರು. ಮತಾಂತರದ ನಂತರ ಅವನ ಹೆಸರು ಗಾಸ್ಪರ್ ಡ ಗಾಮ ಎಂದಾಯಿತು. ಮುಂದಿನ ಪೋರ್ಚುಗೀಸ್ ಪ್ರಯಾಣಗಳಿಗೆ ಅವನೇ ದುಭಾಷಿ.

ಅಕ್ಟೋಬರ್ 5ರಂದು ಗಾಮ ಇಲ್ಲಿಂದ ಹೊರಟ. ಗಾಳಿ ಇನ್ನೂ ತಿರುಗಿರಲಿಲ್ಲ. ಆಫ್ರಿಕಾದ ಮಾಲಿಂದಿಯ ಸುಲ್ತಾನ ಕೊಟ್ಟ ಅನುಭವಿ ನಾವಿಕನ ಜೊತೆ ಬರುವಾಗ ಮೂರು ವಾರ ಚಿಲ್ಲರೆ ದಿನಗಳಲ್ಲಿ ದಾಟಿದ ಸಮುದ್ರವನ್ನು, ಅವಸರದಲ್ಲಿ ವಾಪಸ್ ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ಕಾಯಿಲೆಯಲ್ಲಿ ಸುಮಾರು 30 ಮಂದಿ ಸತ್ತರು. ನಮ್ಮ ಕರಾವಳಿಯ ತಾಂಡೇಲರು, ಅರಬ್ ನಾವಿಕರು ತಲೆಮಾರುಗಳಿಂದ ತಿಳಿದಿದ್ದ ಗಾಳಿಯ ಲೆಕ್ಕವನ್ನು ಮೀರಿದ್ದಕ್ಕೆ ಕೊಟ್ಟ ಬೆಲೆ ಅದು.

1500ರಲ್ಲಿ ಕಬ್ರಾಲ್ ಬಂದ. ಇಲ್ಲಿ ನೀರು, ಸೌದೆ ತುಂಬಿಸಿಕೊಳ್ಳುತ್ತಲೇ, ಮೆಕ್ಕಾ ಕಡೆಯಿಂದ ಬರುವ ವ್ಯಾಪಾರಿ ಹಡಗುಗಳನ್ನು ಹಿಡಿಯಲು ಕಾದು ಕೂತ. 1502ರಲ್ಲಿ ಗಾಮ ಮತ್ತೆ ಬಂದಾಗಲೂ ಅವನ ಹಡಗುಗಳು ಸೇರಿದ್ದು ಅಂಜುದೀವದಲ್ಲಿ. ಇಲ್ಲಿಂದ ಮುಂದೆ ಹೋಗಿ ಮಲಬಾರಿನ ಕಡಲಲ್ಲಿ, ಮೆಕ್ಕಾದಿಂದ ಮರಳುತ್ತಿದ್ದ ಮೀರಿ ಎಂಬ ಹಡಗನ್ನು ನೂರಾರು ಪ್ರಯಾಣಿಕರ ಸಮೇತ ಸುಟ್ಟ. ಅದರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಎಲ್ಲರೂ ನೀರು ಕುಡಿದ ಜಾಗ, ಬೇರೆಯವರ ಹಡಗಿಗೆ ಹೊಂಚು ಹಾಕುವ ಜಾಗವಾಗಿ ಬದಲಾಗಿತ್ತು.

1505ರ ಸೆಪ್ಟೆಂಬರ್‌ನಲ್ಲಿ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಲು ಶುರು ಮಾಡಿದ. ಮರುವರ್ಷ ಆದಿಲ್‌ಶಾಹಿ ಕಡೆಯ ದಾಳಿ ನಡೆಯಿತು. ಆಮೇಲೆ ಪೋರ್ಚುಗೀಸರು ತಾವೇ ಆ ಕೋಟೆಯನ್ನು ಕೆಡವಿ ಬಿಟ್ಟುಹೋದರು. ಕಟ್ಟಿದ ಕೋಟೆ ಎರಡು ವರ್ಷವೂ ಬಾಳಲಿಲ್ಲ.

ಮುಂಬೈಗೆ ಹೊರಟವರು ಇಲ್ಲಿ ಸತ್ತರು

1661ರಲ್ಲಿ ಇಂಗ್ಲೆಂಡಿನ ರಾಜ 2ನೇ ಚಾರ್ಲ್ಸ್‌ಗೂ ಪೋರ್ಚುಗಲ್ ರಾಜಕುಮಾರಿ ಕ್ಯಾಥರೀನ್‌ಗೂ ಮದುವೆಯ ಒಪ್ಪಂದ ಆಯಿತು. ವರದಕ್ಷಿಣೆಯಲ್ಲಿ ಮುಂಬೈಯೂ ಸೇರಿತ್ತು. ಅದನ್ನು ವಶಕ್ಕೆ ತೆಗೆದುಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಕೆಲವು ನೂರು ಸೈನಿಕರ ಜೊತೆ 1662ರಲ್ಲಿ ಬಂದ. ಕಾಗದಪತ್ರ ಸರಿ ಇಲ್ಲ ಎಂದು ಪೋರ್ಚುಗೀಸ್ ಅಧಿಕಾರಿಗಳು ಮುಂಬೈ ಬಿಟ್ಟುಕೊಡಲು ಒಪ್ಪಲಿಲ್ಲ. ಎಲ್ಲೂ ಇಳಿಯಲು ಜಾಗ ಸಿಗದೆ ಸೈನಿಕರನ್ನು ಅಂಜುದೀವಕ್ಕೆ ತಂದು ಇಳಿಸಿದರು.

ಸರಿಯಾದ ಸೂರು ಇಲ್ಲ, ಹೊಟ್ಟೆಗೆ ಸಾಕಷ್ಟು ಇಲ್ಲ, ಕರಾವಳಿಯ ಮಳೆ, ಮೇಲಿಂದ ಜ್ವರ. ಎರಡು ವರ್ಷ ಮುಗಿಯುವುದರೊಳಗೆ ಹೆಚ್ಚಿನವರು ಮಣ್ಣಾದರು. ಶಿಪ್‌ಮನ್ ಕೂಡ 1664ರಲ್ಲಿ ಇಲ್ಲೇ ಸತ್ತ. ಅವನ ಕಾರ್ಯದರ್ಶಿ ಹಂಫ್ರಿ ಕುಕ್ 1665ರ ಫೆಬ್ರವರಿಯಲ್ಲಿ ಮುಂಬೈಯನ್ನು ಸ್ವೀಕರಿಸುವಾಗ ಅವನ ಜೊತೆ ಉಳಿದಿದ್ದವರು ನೂರರ ಆಸುಪಾಸು ಮಂದಿ. ಮುಂಬೈಯ ಬ್ರಿಟಿಷ್ ಇತಿಹಾಸದ ಮೊದಲ ಪುಟ ಹೀಗೆ ಕಾರವಾರದ ಎದುರು ಬರೆದದ್ದು.

ಕೋಟೆಯೊಳಗಿನ ಊರು

1682ರಲ್ಲಿ ಪೋರ್ಚುಗೀಸರು ಮತ್ತೆ ಬಂದು ಗಟ್ಟಿ ಕೋಟೆ ಕಟ್ಟಿದರು. ಈಗ ಕಾಣುವ ಗೋಡೆಗಳು ಹೆಚ್ಚಾಗಿ ಆ ಕಾಲದ್ದು. ಒಳಗೆ ಸೈನಿಕರ ವಸತಿ, ಮನೆಗಳು, ನೊಸ್ಸಾ ಸೆನ್ಯೊರಾ ದಾಸ್ ಬ್ರೋತಾಸ್ ಎಂಬ ಹೆಸರಿನ ಚರ್ಚು. "ಚಿಲುಮೆಗಳ ಮಾತೆ" ಎಂದು ಈ ಹೆಸರನ್ನು ಅನುವಾದಿಸುವವರಿದ್ದಾರೆ. ಆ ಅರ್ಥವೇ ಸರಿಯಾದರೆ ಚರ್ಚಿನ ಹೆಸರಿನಲ್ಲೂ ಇರುವುದು ನೀರೇ. ಸಂತ ಫ್ರಾನ್ಸಿಸ್‌ನ ಒಂದು ಸಣ್ಣ ಚಾಪೆಲ್ ಕೂಡ ಇದೆ.

ಆದರೆ ಊರು ಬೆಳೆಯಲಿಲ್ಲ. ಉಳುವಷ್ಟು ನೆಲ ಇಲ್ಲ, ಮಾರುವಷ್ಟು ಬೆಳೆ ಇಲ್ಲ. ಅಕ್ಕಿಯಿಂದ ಹಿಡಿದು ಎಲ್ಲವೂ ದಡದಿಂದಲೇ ಬರಬೇಕು. ಮಳೆಗಾಲದಲ್ಲಿ ದೋಣಿ ಬಿಡುವುದು ಕಷ್ಟ. ಪೋರ್ಚುಗೀಸರು ಕೈದಿಗಳನ್ನು ಕಳಿಸುವ ಜಾಗವಾಗಿಯೂ ಇದನ್ನು ಬಳಸಿದರು. ಅಂಥ ಜಾಗದಲ್ಲಿ ಮನಸ್ಸಿಟ್ಟು ಮನೆ ಕಟ್ಟುವವರು ಯಾರು? 20ನೇ ಶತಮಾನಕ್ಕೆ ಬರುವಾಗ ಉಳಿದದ್ದು ಒಂದು ಸಣ್ಣ ಕಾವಲು ಪಡೆ, ಚರ್ಚು, ಬೆರಳೆಣಿಕೆಯ ಜನ.

1961 ಮತ್ತು ಆಮೇಲೆ

1961ರ ನವೆಂಬರ್ 24ರಂದು ಈ ದ್ವೀಪದಿಂದ ಸಾಬರಮತಿ ಎಂಬ ಭಾರತೀಯ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿತು. ಗೋವಾ ವಿಮೋಚನೆಗೆ ಮುಂಚೆ ಉದ್ವೇಗ ಏರಿಸಿದ ಘಟನೆಗಳಲ್ಲಿ ಇದೂ ಒಂದು. ಡಿಸೆಂಬರ್ 18ರಂದು ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ನೌಕೆಗಳ ಬೆಂಬಲದಲ್ಲಿ ನಮ್ಮ ನಾವಿಕರು ದ್ವೀಪದಲ್ಲಿ ಇಳಿದರು. ಬಿಳಿ ಬಾವುಟ ಕಂಡ ಮೇಲೂ ಗುಂಡು ಹಾರಿತು. ಏಳು ಮಂದಿ ನಾವಿಕರು ಪ್ರಾಣ ಕೊಟ್ಟರು. ಮರುದಿನ ದ್ವೀಪ ಭಾರತದ ವಶವಾಯಿತು. ನೌಕಾಪಡೆ ಆಮೇಲೆ ಯುದ್ಧನೌಕೆಗೆ ಇದೇ ದ್ವೀಪದ ಹೆಸರಿಟ್ಟಿತು.

1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಕಾರವಾರದ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ದಡದಿಂದ ಕಲ್ಲು ಸುರಿದು ಕಟ್ಟಿದ ಅಲೆ ತಡೆಗೋಡೆ ಅಂಜುದೀವವನ್ನು ಮುಟ್ಟಿತು. ಹಾಯಿ ಹಡಗಿನವರು ಹುಡುಕಿ ಬಂದ ಅದೇ ಶಾಂತ ನೀರು ಈಗ ದೊಡ್ಡ ಯುದ್ಧನೌಕೆಗಳಿಗೆ ಆಸರೆ.

ಈ ಯೋಜನೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಕಟ್ಟುವ ದಡ ಬಿಟ್ಟು ಹೋದವು. ಪರಿಹಾರದ ಕೇಸುಗಳು ದಶಕಗಳ ಕಾಲ ನಡೆದವು. ದ್ವೀಪದ ಊರು ಖಾಲಿಯಾದದ್ದು ನಿಧಾನಕ್ಕೆ, ದಡದ ಊರುಗಳು ಖಾಲಿಯಾದದ್ದು ಒಂದೇ ತಲೆಮಾರಿನಲ್ಲಿ. ದೇಶಕ್ಕೆ ನೌಕಾನೆಲೆ ಬೇಕು, ಸರಿ. ಅದಕ್ಕೆ ಜಾಗ ಕೊಟ್ಟವರ ಊರಿನ ಹೆಸರನ್ನೂ ನೆನಪಿಟ್ಟುಕೊಳ್ಳಬೇಕು.

ತಂಗುದಾಣ ಬೇರೆ, ಬಂದರು ಬೇರೆ

ವ್ಯಾಪಾರದ ಕಣ್ಣಿನಿಂದ ನೋಡಿದರೆ ಅಂಜುದೀವದ ಕಥೆ ಸುಲಭವಾಗಿ ಅರ್ಥ ಆಗುತ್ತದೆ. ಇಬ್ನ್ ಬತೂತ ಮರುದಿನ ಹೋದ ಹೊನ್ನಾವರವನ್ನೇ ನೋಡಿ. ಹರಿಹರನಿಗೆ ಅಧೀನನಾಗಿದ್ದ ಜಮಾಲುದ್ದೀನ್ ಎಂಬ ಸುಲ್ತಾನ ಅಲ್ಲಿದ್ದ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವು, ಹೆಂಗಸರಿಗೆ ಕುರ್‌ಆನ್ ಬಾಯಿಪಾಠ ಇತ್ತು ಎಂದು ಅವನು ಬರೆದಿದ್ದಾನೆ. ಮುಂದೆ ಮಂಗಳೂರಿಗೆ ಬಂದಾಗ ಫಾರ್ಸ್ ಮತ್ತು ಯೆಮನ್‌ನ ವ್ಯಾಪಾರಿಗಳು ಇಳಿಯುವ ದೊಡ್ಡ ಅಳಿವೆ, ಹೇರಳ ಕರಿಮೆಣಸು ಮತ್ತು ಶುಂಠಿ, ಸುಮಾರು 4000 ಮುಸ್ಲಿಮರ ಕೇರಿ, ಅವರಿಗೊಬ್ಬ ಖಾಝಿ ಇದ್ದದ್ದನ್ನು ಕಂಡ.

ಹೊನ್ನಾವರಕ್ಕೆ ಶರಾವತಿ, ಮಂಗಳೂರಿಗೆ ನೇತ್ರಾವತಿ ಮತ್ತು ಗುರುಪುರ ನದಿ. ಹಿಂದೆ ಘಟ್ಟ, ಘಟ್ಟದಿಂದ ಇಳಿದು ಬರುವ ಮೆಣಸು, ಅಕ್ಕಿ ಬೆಳೆಯುವ ಗದ್ದೆ. ಮುಖ್ಯವಾಗಿ ಬೆಳೆದವನು, ಹೊತ್ತವನು, ತೂಗಿದವನು, ಸಾಲ ಕೊಟ್ಟವನು, ಹಡಗಿನವನು ಬೇರೆ ಬೇರೆ ಜಾತಿ-ಧರ್ಮದವರಾಗಿದ್ದೂ ಒಬ್ಬರ ಮಾತನ್ನು ಇನ್ನೊಬ್ಬರು ನಂಬುತ್ತಿದ್ದರು. ಅಂಜುದೀವದಲ್ಲಿ ಇದ್ದದ್ದು ನೀರು ಮತ್ತು ನೆರಳು ಮಾತ್ರ. ಅದು ಒಳ್ಳೆಯ ತಂಗುದಾಣ, ಆದರೆ ಬಂದರಾಗಲು ಬೇಕಾದ ಹಿನ್ನೆಲೆ ಅದಕ್ಕೆ ಇರಲಿಲ್ಲ. ನೀರು ತುಂಬಿಸಿಕೊಂಡು ಮುಂದೆ ಹೋದವರಿಗೆ ದ್ವೀಪ ಉಪಕಾರ ಮಾಡಿತು. ಕೋಟೆ ಕಟ್ಟಿ ಕೂರಲು ಬಂದವರಿಗೆ ಹೆಚ್ಚಾಗಿ ಉಳಿದದ್ದು ಗೋರಿಗಳು.

ಟರ್ಕಿಯ ಇನ್ನೊಂದು ಖಾಲಿ ಊರು

ಹೋಲಿಕೆಗೆ ದೂರದ ಒಂದು ಜಾಗ ಇದೆ. ಟರ್ಕಿಯ ನೈಋತ್ಯ ಕರಾವಳಿಯಲ್ಲಿ ಫೆತಿಯೆ ಪಟ್ಟಣದ ಹತ್ತಿರ ಸೊಉಕ್‌ಸು ಎಂಬ ಸಣ್ಣ ಕೊಲ್ಲಿ. ಹೆಸರಿನ ಅರ್ಥ ತಣ್ಣೀರು. ಹಾಯಿದೋಣಿಯ ಪ್ರವಾಸಿಗರು ಈಗಲೂ ಅಲ್ಲಿ ಲಂಗರು ಹಾಕಿ, ಗುಡ್ಡದ ಕಾಲುದಾರಿ ಹಿಡಿದು ಕಾಯಾಕೊಯ್ ಎಂಬ ಊರು ನೋಡಲು ಹೋಗುತ್ತಾರೆ. ಗ್ರೀಕರು ಅದನ್ನು ಲೆವಿಸ್ಸಿ ಎನ್ನುತ್ತಿದ್ದರು. ನೂರಾರು ಕಲ್ಲಿನ ಮನೆಗಳು, ಚರ್ಚುಗಳು ನಿಂತಿವೆ. ಮನೆಗಳಿಗೆ ಮಾಡು ಇಲ್ಲ, ವಾಸಕ್ಕೆ ಜನ ಇಲ್ಲ.

ಆ ಊರು ಖಾಲಿಯಾದದ್ದು ನೀರಿಲ್ಲದೆ ಅಲ್ಲ, ಬೆಳೆಯಿಲ್ಲದೆಯೂ ಅಲ್ಲ. ಗ್ರೀಸ್ ಮತ್ತು ಟರ್ಕಿ ನಡುವೆ ಯುದ್ಧ ನಡೆದು, 1923ರಲ್ಲಿ ಲೊಸಾನ್‌ನಲ್ಲಿ ಜನರ ವಿನಿಮಯದ ಒಪ್ಪಂದ ಆಯಿತು. ಸುಮಾರು 12 ಲಕ್ಷ ಗ್ರೀಕ್ ಕ್ರೈಸ್ತರು ಟರ್ಕಿಯಿಂದಲೂ, ಮೂರೂವರೆ ಲಕ್ಷಕ್ಕಿಂತ ಹೆಚ್ಚು ಮುಸ್ಲಿಮರು ಗ್ರೀಸ್‌ನಿಂದಲೂ ಹೊರಡಬೇಕಾಯಿತು. ಯಾರು ಎಲ್ಲಿ ಇರಬೇಕು ಎಂದು ತೀರ್ಮಾನಿಸಿದ್ದು ಧರ್ಮದ ಆಧಾರದಲ್ಲಿ. ಟರ್ಕಿಶ್ ಮಾತ್ರ ಬರುವ ಕ್ರೈಸ್ತರು ಗ್ರೀಸ್‌ಗೂ, ಗ್ರೀಕ್ ಮಾತ್ರ ಬರುವ ಮುಸ್ಲಿಮರು ಟರ್ಕಿಗೂ ಹೋಗಿ ಬಿದ್ದರು. ಹೊಸಬರು ಲೆವಿಸ್ಸಿಯ ಗುಡ್ಡದ ಮನೆಗಳಲ್ಲಿ ನೆಲೆಸಲಿಲ್ಲ. 1957ರ ಭೂಕಂಪ ಉಳಿದದ್ದನ್ನೂ ಅಲುಗಾಡಿಸಿತು.

ಅಂಜುದೀವ ಊರಾಗಲು ಆಗದೆ ಖಾಲಿಯಾಯಿತು. ಕಾಯಾಕೊಯ್ ತುಂಬಿದ ಊರಾಗಿದ್ದೇ ಖಾಲಿಯಾಯಿತು. ಎರಡನೆಯದು ಹೆಚ್ಚು ನೋವಿನದು, ಯಾಕೆಂದರೆ ಅದನ್ನು ಮನುಷ್ಯರೇ ಕೂತು ಸಹಿ ಹಾಕಿ ಮಾಡಿದ್ದು.

ನೋಡಬಯಸುವವರಿಗೆ

ಅಂಜುದೀವ ಈಗ ನೌಕಾಪಡೆಯ ಪ್ರದೇಶ. ಅನುಮತಿ ಇಲ್ಲದೆ ಹೋಗುವಂತಿಲ್ಲ, ದೋಣಿಯವರನ್ನು ಒತ್ತಾಯ ಮಾಡಲೂ ಬೇಡಿ. ಹಿಂದೆ ಫೆಬ್ರವರಿ ಮತ್ತು ಅಕ್ಟೋಬರ್ ಹಬ್ಬಗಳಿಗೆ ಕಾರವಾರ, ಗೋವಾದ ಭಕ್ತರು ದೋಣಿಯಲ್ಲಿ ಚರ್ಚಿಗೆ ಹೋಗುತ್ತಿದ್ದರು. ಭದ್ರತೆಯ ಕಾರಣಕ್ಕೆ ಅದೂ ನಿಂತಿತು. ದ್ವೀಪವನ್ನು ಬಿಣಗಾ ಕಡೆಯಿಂದ ದೂರದಲ್ಲೇ ನೋಡಬಹುದು, ನೌಕಾನೆಲೆಯ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ಮ್ಯೂಸಿಯಂ ಇದೆ. ಕುಟುಂಬದ ಜೊತೆ ಹೋದರೆ ಮಕ್ಕಳಿಗೆ ಖುಷಿ.

ನಮ್ಮ ಪಾಲಿನ ಕೆಲಸ

ಕೊಲ್ಲಾಪುರ ಜಿಲ್ಲೆಯ ಬಿದ್ರಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ನನ್ನಂಥವರಿಗೂ, ಇಚಲಕರಂಜಿ, ಗಡಹಿಂಗ್ಲಜ್, ಮುಂಬೈ, ಗಲ್ಫ್‌ನಲ್ಲಿ ದುಡಿಯುವ ನಮ್ಮ ಹುಡುಗರಿಗೂ ತಂಗುದಾಣದ ಬದುಕು ಹೊಸತಲ್ಲ. ಬ್ಯಾರ ಅಂದರೆ ವ್ಯಾಪಾರ. ವ್ಯಾಪಾರಕ್ಕೆ ಹೋದವನು ಎಲ್ಲೋ ನಿಲ್ಲುತ್ತಾನೆ, ಅಲ್ಲಿಯ ನೀರು ಕುಡಿಯುತ್ತಾನೆ. ಅಲ್ಲಿಯ ಜನರ ಮಾತು ಕಲಿತು ಅವರ ಸುಖದುಃಖಕ್ಕೆ ಆದರೆ ಅದು ಅವನ ಊರಾಗುತ್ತದೆ. ಇಲ್ಲವಾದರೆ ಎಷ್ಟು ವರ್ಷ ಕೂತರೂ ಅದು ತಂಗುದಾಣವೇ.

ಇತ್ತ ಊರಿನಲ್ಲಿ ಎಷ್ಟೋ ಹಳೆಯ ತರವಾಡು ಮನೆಗಳಿಗೆ ಬೀಗ ಬಿದ್ದಿದೆ. ಮಂಜಿಯಲ್ಲಿ ದುಡಿದ, ಬಂದರಿನಲ್ಲಿ ಮೂಟೆ ಲೆಕ್ಕ ಬರೆದ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅಂಜುದೀವದ ಬಗ್ಗೆ ಇವತ್ತು ನಾವು ಇಷ್ಟು ಮಾತಾಡಲು ಸಾಧ್ಯವಾದದ್ದು, ಹಾದುಹೋದ ಒಬ್ಬ ಪ್ರಯಾಣಿಕ ಗುಡಿ, ತೋಟ, ಕೊಳ ಎಂದು ಹೇಳಿಟ್ಟ ಕಾರಣ. ಅಲ್ಲೇ ಬದುಕಿದವರ ಮಾತು ಒಂದೂ ನಮ್ಮ ಕೈಗೆ ಬಂದಿಲ್ಲ.

ಆದ್ದರಿಂದ ಯುವಕರಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ಊರಿಗೆ ಹೋದಾಗ ಉಪ್ಪಾಪನ ಹತ್ತಿರ ಒಂದು ಗಂಟೆ ಕೂತು ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. ಯಾವ ಬಂದರು, ಯಾವ ಮಂಜಿ, ಏನು ಮಾಲು, ಯಾರ ಅಂಗಡಿಗೆ ಹೋಗುತ್ತಿತ್ತು, ಮಳೆಗಾಲದಲ್ಲಿ ಮನೆ ಹೇಗೆ ನಡೆಯುತ್ತಿತ್ತು ಅಂತ ಕೇಳಿ. ಹಳೆಯ ಮಸೀದಿಯ ಕಲ್ಲಿನ ಬರಹ, ಹಳೆಯ ಲೆಕ್ಕದ ಪುಸ್ತಕ ಸಿಕ್ಕರೆ ಫೋಟೋ ತೆಗೆದು ದಿನಾಂಕ ಹಾಕಿ ಇಡಿ. ಖರ್ಚು ಏನೂ ಇಲ್ಲ, ಕೂರುವ ತಾಳ್ಮೆ ಬೇಕು ಅಷ್ಟೇ.